ಬೋರಿಪೇಠದ ಹೂವಿನ ಹಾಸಿಗೆಗಳು

ಶಾಂತಲಿಂಗಪ್ಪನವರು ಸರಕಾರದ ಯಾವ ಕಾಗದವನ್ನೂ ಮೂಸದೆ ಓದುತ್ತಿರಲಿಲ್ಲ. ಲಕೋಟೆ ಬಂದ ಕೂಡಲೆ ಅದನ್ನು ಎರಡು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಎಡಹೊಳ್ಳೆಯಿಂದ ಒಮ್ಮೆ, ಬಲಹೊಳ್ಳೆಯಿಂದ ಒಮ್ಮೆ ಉಸಿರೆಳೆದುಕೊಳ್ಳುವರು. ಅರಗಿನ ವಾಸನೆ ಬಂದರೆ ಅದು ಪುಣೆಯದು, ಅಂದೇ ಉತ್ತರ ಹೋಗಬೇಕು. ಗಿರಣಿಯ ಎಣ್ಣೆಯ ವಾಸನೆ ಬಂದರೆ ಸೋಲಾಪುರದ್ದು, ಎಂಟು ದಿನ ತಡೆದರೆ ಅಡ್ಡಿಯಿಲ್ಲ. ಅಕ್ಕಲಕೋಟದ ಕಾಗದಕ್ಕೆ ತಂದವನ ಬೆವರಿನ ವಾಸನೆ ಇರುತ್ತಿತ್ತು. ಅದರಲ್ಲೇನಿದೆ ಎಂದು ತಂದವನನ್ನೇ ಕೇಳಿದರೆ ಸಾಕಾಗುತ್ತಿತ್ತು. ಮೂವತ್ತು ವರ್ಷಗಳ ಕಾರಕೂನಿಯಲ್ಲಿ ಈ ಪದ್ಧತಿಯಿಂದ ತಮಗೆ ಒಂದು ತಪ್ಪೂ ಆಗಿಲ್ಲವೆಂದು ಅವರು ಹೇಳುತ್ತಿದ್ದರು. ತಪ್ಪಾಗಿದೆ ಎಂದು ತಿಳಿಸುವ ಕಾಗದಗಳೂ ಅವರ ಮೂಗಿನ ಮುಂದೆಯೇ ಹಾಯ್ದು ಹೋಗಬೇಕಾಗಿದ್ದುದರಿಂದ, ಬೇರೆ ಯಾರಿಗೂ ಅದರ ಬಗ್ಗೆ ಅಭಿಪ್ರಾಯವಿರಲಿಲ್ಲ.

ಅವರು ನನ್ನ ತಂದೆಯ ಅಣ್ಣ, ನಮ್ಮ ದೊಡ್ಡ ಕಾಕಾ. ನಾನು ಸೋಲಾಪುರದ ಹುಡುಗಿಯರ ಮಿಶನ್ ಸಾಲೆಯಲ್ಲಿ ಇಂಗ್ರಜಿ ಕಲಿತು, ಮುಂದೇನು ಮಾಡಬೇಕೆಂದು ಯಾರಿಗೂ ತಿಳಿಯದೆ, ಬೋರಿಪೇಠದ ಅವರ ಮನೆಗೆ ಬಂದಿದ್ದೆ. ನನ್ನ ಅಕ್ಷರ ದುಂಡಗಿದ್ದುದರಿಂದ ಪಡಸಾಲೆಯ ಮೂಲೆಯಲ್ಲಿ ಒಂದು ಡೆಸ್ಕು ಕೊಟ್ಟು, ಕಾಕಾ ಬರೆದದ್ದನ್ನು ನಕಲು ಮಾಡಲು ಹಚ್ಚಿದ್ದರು. ನಕಲು ಮಾಡುವುದಷ್ಟೇ ನನ್ನ ಕೆಲಸ. ಓದುವುದು ಅದರಲ್ಲಿ ಸೇರಿರಲಿಲ್ಲ.

1933ರ ಶ್ರಾವಣದಲ್ಲಿ ಪುಣೆಯಿಂದ ಒಂದು ದಪ್ಪ ಲಕೋಟೆ ಬಂತು. ಕಾಕಾ ಮೂಸಿದರು. ಅರಗು, ಅದರ ಹಿಂದೆ ಚಿರೂಟು, ಅದರ ಹಿಂದೆ ಸಾಬೂನು. ಇಷ್ಟು ವಾಸನೆ ಒಂದೇ ಕಾಗದಕ್ಕೆ ಇದ್ದದ್ದು ಅವರ ನೌಕರಿಯಲ್ಲಿ ಇದೇ ಮೊದಲು. ಒಳಗೆ, ಬಾಗಾಯತ, ಅಂದರೆ ತೋಟದ ಖಾತೆಯ ಒಬ್ಬ ದೊಡ್ಡ ಸಾಹೇಬರು ಇಂಗ್ರಜಿಯಲ್ಲಿ ಬರೆದ ಹದಿನಾಲ್ಕು ಪುಟದ ಪುಸ್ತಿಕೆ. ಮನೆಯ ಮುಂದಿನ ಅಂಗಳವನ್ನು ಹೇಗೆ ಚೆಂದಗಾಣಿಸಬೇಕು, ದಾರಿ ಎಲ್ಲಿ ತಿರುಗಬೇಕು, ಹೂವು ಎಲ್ಲಿರಬೇಕು ಎಂಬುದು ಅದರ ವಿಷಯ. ಪ್ರತಿ ಊರಿನಲ್ಲಿ ಒಂದು ಮಂಡಳ ಕಟ್ಟಿ, ಪುಸ್ತಿಕೆಯನ್ನು ಜನರ ಭಾಷೆಗೆ ತಿರುಗಿಸಿ, ಪಾಲನೆ ಮಾಡಿಸಿ, ಎಷ್ಟಾಯಿತೆಂದು ಸಂಖ್ಯೆ ಕಳಿಸಬೇಕು. ಮಾಗಿಯಲ್ಲಿ ಸಾಹೇಬರೇ ಬಂದು ನೋಡುವರು.

ಹೀಗೆ ಬೋರಿಪೇಠದ ಗೃಹಾಂಗಣ ಶೋಭಾವರ್ಧಕ ಮಂಡಳ ಸ್ಥಾಪನೆಯಾಯಿತು. ಊರಲ್ಲೇ ದೊಡ್ಡ ಅಂಗಳ ಇದ್ದುದರಿಂದ ಜಮೀನುದಾರ ಕಲ್ಯಾಣಪ್ಪನವರು ಅಧ್ಯಕ್ಷರಾದರು. ಇಂಗ್ರಜಿ ಇದ್ದುದರಿಂದ ಕಾಕಾ ಸೆಕ್ರೆಟರಿಯಾದರು. ಅಳತೆಯ ಟೇಪು ಇದ್ದುದರಿಂದ ಖಂಡೆಪ್ಪ ತಪಾಸಣೆಗಾರನಾದ.

ಪುಸ್ತಿಕೆಯ ನಾಲ್ಕನೆಯ ಪುಟದಲ್ಲಿ, ಪ್ರತಿ ಮನೆಯ ಮುಂದೆ ಆರಡಿ ಉದ್ದ ಮೂರಡಿ ಅಗಲದ ಒಂದು ‘ಬೆಡ್ ಆಫ್ ಫ್ಲವರ್ಸ್’ ಇರಬೇಕೆಂದಿತ್ತು. ಇಂಗ್ರಜಿಯವರು ಹೂಗಿಡ ಹಚ್ಚಲು ಅಗೆದು ಹದ ಮಾಡಿದ ನೆಲಕ್ಕೂ ಬೆಡ್ಡು ಅನ್ನುತ್ತಾರೆ, ಮನುಷ್ಯ ಮಲಗುವುದಕ್ಕೂ ಬೆಡ್ಡು ಅನ್ನುತ್ತಾರೆ. ಅವರ ದೇಶದಲ್ಲಿ ಎರಡೂ ಅಷ್ಟೇ ತಣ್ಣಗಿರುವುದರಿಂದ ಇರಬಹುದು. ಕಾಕಾಗೆ ಎರಡನೆಯದು ಗೊತ್ತಿತ್ತು. ಮುಸಾಫರ ಬಂಗಲೆಯಲ್ಲಿ ಅದನ್ನು ಕಣ್ಣಾರೆ ಕಂಡಿದ್ದರು, ಒಮ್ಮೆ ಯಾರೂ ಇಲ್ಲದಾಗ ಕೂತೂ ನೋಡಿದ್ದರು. ಅವರು ಮೂರು ದಿನ ಬಾಗಿಲು ಹಾಕಿಕೊಂಡು ತರ್ಜುಮೆ ಮಾಡಿದರು. ನಾಲ್ಕನೆಯ ದಿನ ಚಾವಡಿಯ ಗೋಡೆಗೆ ನನ್ನ ಅಕ್ಷರದಲ್ಲಿ ಈ ಜಾಹೀರುನಾಮೆ ಹತ್ತಿತು:

“ಸಮಸ್ತ ಮನೆ ಮಾಲೀಕರಿಗೆ ತಿಳಿಸುವುದೇನಂದರೆ, ಕಲಮು ಒಂದು: ಪ್ರತಿ ಮನೆಯ ಮುಂದಿನ ಅಂಗಳದಲ್ಲಿ ಆರಡಿ ಉದ್ದ ಮೂರಡಿ ಅಗಲದ ಹೂವಿನ ಹಾಸಿಗೆ ಒಂದು ಇರತಕ್ಕದ್ದು. ಕಲಮು ಎರಡು: ಸದರಿ ಹಾಸಿಗೆಯು ನೆಲದಿಂದ ಎತ್ತರದಲ್ಲಿದ್ದು, ಅದಕ್ಕೆ ನೀಟಾದ ಅಂಚು ಇರತಕ್ಕದ್ದು. ಕಲಮು ಮೂರು: ಸದರಿ ಹಾಸಿಗೆಗೆ ಮುಂಜಾನೆ ಮತ್ತು ಸಂಜೆ ತಪ್ಪದೆ ನೀರು ಹಾಕತಕ್ಕದ್ದು. ಕಲಮು ನಾಲ್ಕು: ಸದರಿ ಹಾಸಿಗೆಯಲ್ಲಿ ಹುಳ ಹುಪ್ಪಟೆ ಕಂಡಲ್ಲಿ ಕೂಡಲೆ ಆರಿಸಿ ತೆಗೆಯತಕ್ಕದ್ದು. ಕಲಮು ಐದು: ವರ್ಷಕ್ಕೊಮ್ಮೆ ಸದರಿ ಹಾಸಿಗೆಯನ್ನು ಒಂದಡಿ ಆಳ ಬಿಚ್ಚಿ, ಸಡಿಲು ಮಾಡಿ, ಚೆನ್ನಾಗಿ ಕೊಳೆತ ಸಗಣಿ ಗೊಬ್ಬರವನ್ನು ಬೆರೆಸತಕ್ಕದ್ದು.”

ಜನ ಓದಿದರು. ಓದಲು ಬಾರದವರು ಓದಿಸಿ ಕೇಳಿದರು. ನಾಲ್ಕನೆಯ ಕಲಮಿಗೆ ಎಲ್ಲರೂ ತಲೆದೂಗಿದರು. ತಗಣಿಯ ಉಪದ್ರವ ಪುಣೆಯ ತನಕ ಮುಟ್ಟಿದ್ದು ಕೇಳಿ ಅವರಿಗೆ ಸರಕಾರದ ಮೇಲೆ ಮೊದಲ ಸಲ ಸ್ವಲ್ಪ ಪ್ರೀತಿ ಹುಟ್ಟಿತು.

ಕಾಕಾನ ಹೆಂಡತಿ, ನಮ್ಮ ಕಾಕು ದ್ರೌಪದಿಬಾಯಿಯವರಿಗೆ ಮಾತ್ರ ಮೂರನೆಯ ಕಲಮು ಹಿಡಿಸಲಿಲ್ಲ.

“ಹಾಸಿಗಿಗಿ ದಿನಾ ಎರಡ ಸಲ ನೀರ ಹಾಕೂದು ಅಂದ್ರ ಏನ್ರಿ ಇದು? ನಿಮ್ಮ ಪುಣೆದ ಸಾಹೇಬಗ ಹಾಸಿಗ್ಯಾಗ ಉಚ್ಚಿ ಹೊಯ್ಕೊಳ್ಳೂ ರೂಢಿ ಐತೇನು?”

“ಸರಕಾರದ ಹುಕುಮಿಗಿ ಒಂದ ಅರ್ಥ ಇದ್ದೇ ಇರತೈತಿ,” ಅಂದರು ಕಾಕಾ. “ಅದು ನಮ್ಮ ಮನೀ ತನಕ ನಡಕೋತ ಬರಬೇಕಂತ ಏನೂ ಇಲ್ಲ.”

ಮಂಡಳದ ಮೊದಲ ಸಭೆ ಕಲ್ಯಾಣಪ್ಪನವರ ಪಡಸಾಲೆಯಲ್ಲಿ ಕೂಡಿತು. ನಾನು ನಡಾವಳಿ ಬರೆದುಕೊಳ್ಳಲು ಕಂಬದ ಹಿಂದೆ ಕೂತಿದ್ದೆ. ಅಧ್ಯಕ್ಷರಿಗೆ ಒಂದು ಶಂಕೆಯಿತ್ತು.

“ಸೆಕ್ರೆಟರಿ, ಹಾಸಿಗಿ ಅಂದ್ರ ಬರೇ ಗಾದಿನೋ, ಚಾದರ ಸಹಿತನೋ?”

“ಹೂವಿನ ಹಾಸಿಗಿ ಅಂತ ಅದರಿ. ಹೂವು ಗಾದ್ಯಾಗ ಇರಂಗಿಲ್ಲ. ಚಾದರದಾಗ ಇರತಾವ.”

“ಬರೋಬರ್. ಹಂಗಾದ್ರ ಚಾದರ ಸಕ್ತಿ, ಹಾಸಲಿಕ್ಕೇ ಬೇಕು. ಎಷ್ಟು ಹೂವು?”

ಕಾಕಾ ಪುಸ್ತಿಕೆ ತೆಗೆದರು. “‘ಪ್ಲೆಂಟಿ’ ಅಂತ ಬರದಾರರಿ.”

“ಪ್ಲೆಂಟಿ ಅಂದ್ರ?”

ಕಾಕಾ ಒಂದು ಗಳಿಗೆ ಮಾತ್ರ ವಿಚಾರ ಮಾಡಿದರು. “ಟ್ವೆಂಟಿ ಅಂದ್ರ ಇಪ್ಪತ್ತರಿ. ಪ್ಲೆಂಟಿ ಅಂದ್ರ ಅದಕಿಂತ ಒಂದ ಹೆಚ್ಚು.”

“ಇಪ್ಪತ್ತೊಂದು!” ಎಂದು ಕಲ್ಯಾಣಪ್ಪನವರು ತೊಡೆ ತಟ್ಟಿದರು. “ಇಂಗ್ರಜಿ ಎಷ್ಟು ಚೊಕ್ಕ ಭಾಷಾ ನೋಡ್ರಿ.”

ಸೋಲಾಪುರದಲ್ಲಿ ಕಲ್ಯಾಣಪ್ಪನವರ ಅಳಿಯಂದಿರ ಚಾದರದ ಅಂಗಡಿ ಇತ್ತು. ಆ ವರ್ಷ ಅವರು ತಪ್ಪಿ ಇಪ್ಪತ್ತೊಂದು ಹೂವಿನ ಚಾದರಗಳನ್ನು ಬಹಳ ನೇಯಿಸಿ, ಮಾರಿ ಹೋಗದೆ ಕೂಡಿಹಾಕಿದ್ದರೆಂಬುದು ಈ ಠರಾವಿಗೆ ಸಂಬಂಧಪಟ್ಟ ವಿಷಯವಲ್ಲ. ಠರಾವು ಒಮ್ಮತದಿಂದ ಪಾಸಾಯಿತು. ಇಪ್ಪತ್ತು ಹೂವಿನ ಚಾದರ ಹಾಸಿದವರನ್ನು ಹೂವಿಲ್ಲದವರೆಂದೇ ತಿಳಿಯುವುದೆಂದೂ, ಹರಿದ ಹೂವನ್ನು ಅರ್ಧವೆಂದು ಎಣಿಸುವುದೆಂದೂ ಅದಕ್ಕೆ ಎರಡು ಟಿಪ್ಪಣಿ ಸೇರಿದವು.

ಒಂದು ತಿಂಗಳೊಳಗೆ ಬೋರಿಪೇಠದ ರೂಪವೇ ಬದಲಾಯಿತು. ಮನೆ ಮನೆಯ ಮುಂದೆ ಹೊರಸು, ಹೊರಸಿನ ಮೇಲೆ ಗಾದಿ, ಗಾದಿಯ ಮೇಲೆ ಇಪ್ಪತ್ತೊಂದು ಹೂವು. ಹೊತ್ತು ಮೂಡುವ ಮೊದಲೇ ಹೆಂಗಸರು ಬೋರಿ ಹೊಳೆಯಿಂದ ಕೊಡ ಹೊತ್ತು ತಂದು ಹಾಸಿಗೆಗೆ ಸುರುವಿ, ಉಳಿದದ್ದರಲ್ಲಿ ಅಡಿಗೆ ಮಾಡುವರು. ಪಿಂಜಾರನು ಮನೆ ಮನೆಗೆ ಬಂದು ಐದನೆಯ ಕಲಮಿನಂತೆ ಗಾದಿಗಳನ್ನು ಒಂದಡಿ ಆಳ ಬಿಚ್ಚಿ, ಅರಳೆ ಬಡಿದು, ಸಗಣಿ ಬೆರೆಸಿ ಹೊಲಿದುಕೊಟ್ಟ. ಅಷ್ಟು ದಪ್ಪದ ಗಾದಿ ಇಲ್ಲದ ಬಡವರು ಎರಡು ಮೂರು ಮನೆಗಳು ಕೂಡಿ ಒಂದರ ಮೇಲೊಂದು ಇಟ್ಟು ಆಳ ತೋರಿಸಿ, ತಪಾಸಣೆ ಮುಗಿದ ಮೇಲೆ ತಮ್ಮ ತಮ್ಮದನ್ನು ಒಯ್ಯುತ್ತಿದ್ದರು. ರಾತ್ರಿ ಎಲ್ಲಿ ಮಲಗಬೇಕೆಂಬ ವಿಷಯ ಪುಸ್ತಿಕೆಯಲ್ಲಿ ಇರಲಿಲ್ಲ; ಆದ್ದರಿಂದ ಎಲ್ಲರೂ ನೆಲದ ಮೇಲೆ ಮಲಗಿದರು.

ತಪಾಸಣೆಗೆ ಖಂಡೆಪ್ಪ ಓಣಿ ಓಣಿ ತಿರುಗಿದ. ಕೈಯಲ್ಲಿ ಟೇಪು, ಕಿವಿಯಲ್ಲಿ ಪೆನ್ಸಿಲು. ನಮ್ಮ ಓಣಿಗೆ ಬಂದ ದಿವಸ ನಾನು ನಮ್ಮ ಕಿಡಕಿಯ ಹಿಂದೆ ಇದ್ದೆ. ಎದುರಿಗೇ ಬೀರವ್ವನ ಮನೆ. ಬೀರವ್ವ ಒಬ್ಬಳೇ ಇರುವಾಕೆ. ಅವಳ ಅಂಗಳ ಎಂಟು ಹೆಜ್ಜೆಗೆ ಮುಗಿಯುತ್ತಿತ್ತು, ಅದರ ತುಂಬ ಒಂದು ತುಂಡು ಹೂದೋಟ. ಇಟ್ಟಂಗಿಯ ಅಂಚು ಕಟ್ಟಿ, ಮಣ್ಣು ಏರಿಸಿ, ಅಬ್ಬಲಿಗೆ, ಸೇವಂತಿ, ಒಂದು ದುಂಡುಮಲ್ಲಿಗೆ ಹಚ್ಚಿದ್ದಳು. ದಿನಾ ಮಾಲೆ ಕಟ್ಟಿ ಪೇಠದಲ್ಲಿ ಮಾರಿ ಬಂದರೆ ಅವಳ ಒಲೆ ಹೊತ್ತುತ್ತಿತ್ತು. ಗಂಡ ತೀರಿಕೊಂಡ ವರ್ಷ ಹಚ್ಚಿದ ಮಲ್ಲಿಗೆ ಅದು. ಹದಿನಾರು ವರ್ಷದಿಂದ ಅವಳನ್ನು ಸಾಕಿತ್ತು.

ಖಂಡೆಪ್ಪ ಅಂಗಳವನ್ನೆಲ್ಲ ನೋಡಿದ. “ಬೀರವ್ವಾ, ನಿನ್ನ ಹಾಸಿಗಿ ಎಲ್ಲಿ?”

“ಒಳಗ ಐತೋ ಯಪ್ಪಾ. ಯಾಕ, ನಿದ್ದಿ ಬಂತೇನು?”

“ಚೇಷ್ಟಿ ಬ್ಯಾಡ. ಹೂವಿನ ಹಾಸಿಗಿ ಕೇಳಾಕತ್ತೀನಿ.”

“ನನ್ನ ಲಗ್ನದಾಗೂ ಹೂವಿನ ಹಾಸಿಗಿ ಇದ್ದಿಲ್ಲೋ. ಈಗ ಹಲ್ಲ ಬಿದ್ದ ಮ್ಯಾಲ ಸರಕಾರ ಹಾಸಾಕ ಬಂದದೇನು?”

ಖಂಡೆಪ್ಪ ನಗಲಿಲ್ಲ, ಸರಕಾರಿ ಕೆಲಸದಲ್ಲಿದ್ದ. ಟೇಪು ಹಿಡಿದು ಹೂದೋಟವನ್ನು ಅಳೆದ. ಆರಡಿ, ಮೂರಡಿ. ಮತ್ತೊಮ್ಮೆ ಅಳೆದ. ಆರಡಿ, ಮೂರಡಿ. ಅವನ ಮುಖ ಗಂಭೀರವಾಯಿತು.

“ಅಳತಿ ಬರೋಬರ್ ಅದ. ಎತ್ತರ ಅದ. ಅಂಚು ಅದ. ನೀರೂ ಹಾಕೀಯಿ. ಆದ್ರ ಹಾಸಿಗಿ ಇರಬೇಕಾದ ಜಾಗಾದಾಗ ಈ ಗಿಡಾ ಕೂತಾವಲ್ಲ?”

“ಹೂವಿನ ಗಿಡಾ ಅವೋ ಖಂಡ್ಯಾ!”

“ಹೂವು ಬ್ಯಾರೆ, ಹೂವಿನ ಹಾಸಿಗಿ ಬ್ಯಾರೆ. ಕಾಯ್ದಾ ಅಂದ್ರ ಕಾಯ್ದಾ. ಗಿಡಾ ಕಿತ್ತು ಹೊರಸು ಹಾಕು.”

ಮೂರನೆಯ ದಿನ ನೋಟೀಸು ಹೋಯಿತು. ನಕಲು ನಾನೇ ಮಾಡಿದ್ದು. “ತಮ್ಮ ಅಂಗಳದಲ್ಲಿ ಹೂವಿನ ಹಾಸಿಗೆಗೆಂದು ನೇಮಿಸಿದ ಆರಡಿ ಮೂರಡಿ ಜಾಗವನ್ನು ಹೂವುಗಳು ಅತಿಕ್ರಮಿಸಿರುವುದು ತಪಾಸಣೆಯಲ್ಲಿ ಕಂಡುಬಂದಿದೆ. ಸಾಹೇಬರ ಪಾಹಣಿ ಮುಗಿದ ಎಂಟು ದಿವಸದೊಳಗೆ ಸದರಿ ಹೂವುಗಳನ್ನು ಬೇರು ಸಹಿತ ತೆರವು ಮಾಡತಕ್ಕದ್ದು. ತಪ್ಪಿದಲ್ಲಿ ಮಂಡಳವೇ ತೆರವು ಮಾಡುವುದು.”

ಸಾಹೇಬರು ನೋಡಲು ಬರುವ ಆ ಪಾಹಣಿಗಿಂತ ಮೊದಲೇ ಏಕಿಲ್ಲವೆಂದರೆ, ನೋಟೀಸಿಗೆ ನಿಯಮದಂತೆ ಒಂದು ಅವಧಿ ಬೇಕು, ಆ ಅವಧಿ ಎಣಿಸಿದಾಗ ಹಾಗೆ ಬಂತು.

ಆ ಸಂಜೆ ಬೀರವ್ವ ಮಲ್ಲಿಗೆಯ ಬುಡದಲ್ಲಿ ಕೂತು ಅದರ ಒಣ ಎಲೆ ಆರಿಸುವುದನ್ನು ಕಿಡಕಿಯಿಂದ ನೋಡಿದೆ. ನನಗೆ ಮನಸ್ಸು ತಡೆಯಲಿಲ್ಲ. ದೊಡ್ಡವರಿಗೆ ಎದುರು ಮಾತಾಡುವ ಧೈರ್ಯ ನನಗಿಲ್ಲ. ಸಾಲೆಯಲ್ಲೂ ಉತ್ತರ ಗೊತ್ತಿದ್ದಾಗ ಕೈ ಎತ್ತುತ್ತಿರಲಿಲ್ಲ. ಆದರೆ ಬರೆಯಬಹುದಲ್ಲ. ಹೂಗಿಡದ ಬೆಡ್ಡಿಗೆ ನಮ್ಮಲ್ಲಿ ಏನನ್ನುತ್ತಾರೆಂದು ಬಹಳ ಹೊತ್ತು ನೆನಪು ಮಾಡಿಕೊಂಡೆ. ಮರಾಠಿಯ ವಾಫಾ ಮೊದಲು ಬಂತು, ಕನ್ನಡ ಆಮೇಲೆ ಬಂತು. ಜಾಹೀರುನಾಮೆಯ ಮೂಲ ಕರಡಿನಲ್ಲಿ, ‘ಹೂವಿನ ಹಾಸಿಗೆ’ ಎಂಬ ಮಾತಿನ ಬದಿಗೆ, ಅಂಚಿನಲ್ಲಿ, ಪೆನ್ಸಿಲಿನಿಂದ, ಬಹಳ ಸಣ್ಣ ಅಕ್ಷರದಲ್ಲಿ ‘ಮಡಿ’ ಎಂದು ಬರೆದಿಟ್ಟೆ. ಇಷ್ಟು ಸಾಕು, ಕಾಕಾಗೆ ತಿಳಿಯುತ್ತದೆ ಅಂದುಕೊಂಡೆ.

ಕಾಕಾಗೆ ತಿಳಿಯಿತು. ಮರುದಿನ ತುರ್ತು ಸಭೆ ಕರೆದರು.

“ಮೂಲ ಕರಡಿನಾಗ ಒಂದ ಮಾತು ನಜರ್ ತಪ್ಪಿ ಉಳದಿತ್ರಿ,” ಎಂದರು. “ಅಂಚಿನಾಗ ಐತಿ. ನಾನೇ ಬರದಿದ್ದೇನೋ, ಮ್ಯಾಲಿಂದನೇ ಬಂದದ್ದೋ, ಈಗ ಹೇಳಾಕ ಬರಂಗಿಲ್ಲ. ಹೂವಿನ ಹಾಸಿಗಿ, ಮಡಿ.”

ಕಂಬದ ಹಿಂದೆ ನಾನು ನಡಾವಳಿಯಲ್ಲಿ ‘ಮಡಿ’ ಎಂದು ಬರೆದುಕೊಂಡೆ.

“ಮಡಿ?” ಎಂದರು ಕಲ್ಯಾಣಪ್ಪನವರು. “ಅಂದ್ರ ಮಡಿಚಿ ಇಡಬೇಕೇನು?”

“ಮಡಿಚಿದ್ರ ಆರ ಮೂರ ಅಳತಿ ಬರಂಗಿಲ್ರಿ,” ಎಂದ ಖಂಡೆಪ್ಪ. “ಮೂರ ಮೂರ ಆಗತದ.”

“ಅದಕ್ಕ ನಾ ಹೇಳೂದು ಕೇಳ್ರಿ,” ಎಂದರು ಕಾಕಾ. “ಮಡಿ ಅಂದ್ರ ಮಡಿ. ಶುದ್ಧ. ಮೈಲಿಗಿ ಆಗಬಾರದು. ಪುಣೆದ ಸಾಹೇಬರಿಗೂ ನಮ್ಮ ಆಚಾರದ ಮ್ಯಾಲ ಎಷ್ಟು ಕಳಕಳಿ ಅದ ನೋಡ್ರಿ.”

ಸಭೆಯಲ್ಲಿದ್ದವರೆಲ್ಲ ಸಾಹೇಬರ ಕಳಕಳಿಗೆ ಕೈ ಮುಗಿದರು. ಪುರವಣಿ ಜಾಹೀರುನಾಮೆ ಹೊರಟಿತು: ಹೂವಿನ ಹಾಸಿಗೆಯನ್ನು ಮಡಿಯಲ್ಲಿ ಇರಿಸತಕ್ಕದ್ದು. ಜಳಕ ಮಾಡದವರು, ಚಪ್ಪಲಿ ಮೆಟ್ಟಿದವರು, ಹಾಗೂ ಎಮ್ಮೆಗಳು ಅದನ್ನು ಮುಟ್ಟತಕ್ಕದ್ದಲ್ಲ. ಮುಟ್ಟಿದಲ್ಲಿ ಹಾಸಿಗೆಗೆ ಹನ್ನೊಂದು ಕೊಡ ನೀರು ಹೆಚ್ಚಿಗೆ ಹಾಕತಕ್ಕದ್ದು. ಸಗಣಿ ಬೆರೆಸಿದ ಹಾಸಿಗೆ ಮಡಿಯಾಗುವುದು ಹೇಗೆಂದು ಒಬ್ಬರು ಅರ್ಜಿ ಹಾಕಿ ಕೇಳಿದರು. ಸಗಣಿ ಆಕಳದ್ದಾದರೆ ಶಂಕೆಗೆ ಕಾರಣವಿಲ್ಲವೆಂದು ಮಂಡಳ ಉತ್ತರ ಕೊಟ್ಟಿತು.

ಹೀಗೆ ನನ್ನ ಒಂದು ಮಾತಿನಿಂದ ಹೆಂಗಸರು ಹಾಸಿಗೆಗೆ ನೀರು ಹಾಕುವ ಮೊದಲು ತಾವು ನೀರು ಹಾಕಿಕೊಳ್ಳತೊಡಗಿದರು. ನಮ್ಮ ಕಾಕು ಒದ್ದೆ ಸೀರೆಯಲ್ಲಿ ನಡುಗುತ್ತ ಕೊಡ ಎತ್ತುವಾಗ, “ಅಂಚಿನಾಗ ಬರದ ಆ ಕೈ ಸೇದಿ ಹೋಗಲಿ” ಎಂದು ದಿನಾ ಶಾಪ ಹಾಕುವರು. ನಾನು ಕೈಯನ್ನು ಸೆರಗಿನಲ್ಲಿ ಇಟ್ಟುಕೊಂಡು ಹಾಯ್ದು ಹೋಗುತ್ತಿದ್ದೆ. ಮತ್ತೆ ಏನನ್ನೂ ತಿದ್ದಲು ಹೋಗಲಿಲ್ಲ.

ಮಾಗಿಯಲ್ಲಿ ಸಾಹೇಬರು ಬಂದರು. ಅಕ್ಕಲಕೋಟ ರೋಡ್ ಸ್ಟೇಶನ್ನಿನಲ್ಲಿ ಇಳಿದು, ಟಾಂಗಾದಲ್ಲಿ ಧೂಳು ಕುಡಿಯುತ್ತ ಬೋರಿಪೇಠ ಮುಟ್ಟಿದಾಗ ಅವರ ಟೊಪ್ಪಿಗೆಯ ಬಣ್ಣ ನಮ್ಮ ರಸ್ತೆಯ ಬಣ್ಣವಾಗಿತ್ತು. ವಯಸ್ಸಾದ, ಸೋತ ಮುಖದ ಮನುಷ್ಯ. ಅವರಿಗೆ ಮಾಲೆ ಹಾಕಲು ಇಂಗ್ರಜಿ ಕಲಿತ ಹುಡುಗಿಯೇ ಬೇಕೆಂದು ನನ್ನನ್ನು ಮುಂದೆ ನಿಲ್ಲಿಸಿದ್ದರು. ಮಾಲೆ ಬೀರವ್ವನ ಅಂಗಳದ್ದು. ಮಂಡಳ ನೋಟೀಸಿನ ಅವಧಿ ಮುಗಿಯುವ ಮೊದಲೇ ತರಿಸಿಕೊಂಡಿತ್ತು.

ಮೊದಲು ಅಧ್ಯಕ್ಷರ ಅಂಗಳ. ಕಲ್ಯಾಣಪ್ಪನವರು ಏಳು ಹಾಸಿಗೆ ಹಾಕಿಸಿದ್ದರು. ಪುಸ್ತಿಕೆಯಲ್ಲಿ ದಾರಿ ಡೊಂಕಾಗಿರಬೇಕೆಂದು ಇದ್ದುದರಿಂದ ಏಳು ಹೊರಸನ್ನು ಡೊಂಕಾಗಿಯೇ ಇಟ್ಟಿದ್ದರು. ಆಗತಾನೆ ನೀರು ಹಾಕಿದ್ದರು. ಏಳರ ಅಡಿಯಿಂದಲೂ ಹನಿ ಹನಿಯಾಗಿ ಸೋರುತ್ತಿತ್ತು. ಗೊಬ್ಬರವನ್ನು ಯಾವ ಜಿಪುಣತನವೂ ಇಲ್ಲದೆ ಬೆರೆಸಿದ್ದು ದೂರದಿಂದಲೇ ತಿಳಿಯುತ್ತಿತ್ತು.

ಸಾಹೇಬರು ಬಹಳ ಹೊತ್ತು ನಿಂತರು. ಚಸ್ಮಾ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

“ಇದೇನು?” ಎಂದು ಇಂಗ್ರಜಿಯಲ್ಲಿ ಕೇಳಿದರು.

“ಬೆಡ್ ಆಫ್ ಫ್ಲವರ್ಸ್, ಸರ್,” ಎಂದರು ಕಾಕಾ. “ಸಿಕ್ಸ್ ಬೈ ಥ್ರೀ.”

ಕಲ್ಯಾಣಪ್ಪನವರು ಟೊಂಕಕ್ಕೆ ಕೈ ಕೊಟ್ಟು ಮುಗುಳ್ನಕ್ಕರು. ಖಂಡೆಪ್ಪ ಟೇಪು ಬಿಚ್ಚಿ ತೋರಿಸಿದ. ಹಾಸಿಗೆಯಿಂದ ಒಂದು ಹನಿ ಬಿದ್ದ ಸದ್ದು ಕೇಳಿಸಿತು.

“ಇಂಥವು ಊರಲ್ಲಿ ಒಟ್ಟು ಎಷ್ಟಿವೆ?” ಎಂದರು ಸಾಹೇಬರು.

“ಮುನ್ನೂರ ಹನ್ನೆರಡು, ಸರ್.”

ಸಾಹೇಬರ ಮುಖದಲ್ಲಿ ಏನೋ ಆಯಿತು. ಅವರು ಜೇಬಿನಿಂದ ಒಂದು ವಹಿ ತೆಗೆದು ಹಿಂದಿನ ಪುಟಗಳನ್ನು ನೋಡಿದರು. ನಾನು ಪಕ್ಕದಲ್ಲೇ ನಿಂತಿದ್ದುದರಿಂದ ನನಗೂ ಕಂಡಿತು. ಅವರು ಹದಿನೆಂಟು ಊರು ತಿರುಗಿ ಬಂದಿದ್ದರು. ಒಂದು ಊರಲ್ಲಿ ಹನ್ನೊಂದು, ಒಂದರಲ್ಲಿ ನಾಲ್ಕು, ಒಂದರಲ್ಲಿ ಸೊನ್ನೆ. ಸೊನ್ನೆಯ ಮುಂದೆ ‘ಆಡು’ ಎಂದು ಬರೆದಿತ್ತು.

“ಇವನ್ನು ಆಡು ತಿನ್ನುವುದಿಲ್ಲವೆ?”

“ನೋ ಸರ್. ಒಂದು ಸಲ ಒಂದು ಆಡು ಮೇಲೆ ಹತ್ತಿ ಮಲಗಿತ್ತು, ಅಷ್ಟೇ.”

“ಬೇಸಿಗೆಯಲ್ಲಿ ಬಾಡುತ್ತವೆಯೆ?”

“ಬಣ್ಣ ಸ್ವಲ್ಪ ಬಿಡುತ್ತದೆ, ಸರ್.”

ಸಾಹೇಬರು ವಹಿಯಲ್ಲಿ ಬರೆದುಕೊಂಡರು: ಗಟ್ಟಿ ಜಾತಿ. ಆಮೇಲೆ ಏನೋ ನೆನಪಾದವರಂತೆ ತಿರುಗಿ ನನ್ನನ್ನು ನೋಡಿದರು. ಅವರ ಕಣ್ಣಲ್ಲಿ ಒಂದು ಸಣ್ಣ ಬೇಡಿಕೆ ಇದ್ದಂತೆ ಕಂಡಿತು. ಅದು ನಿಜ ಹೇಳು ಎಂದಿತ್ತೋ, ಹೇಳಬೇಡ ಎಂದಿತ್ತೋ, ಇವತ್ತಿಗೂ ನನಗೆ ತಿಳಿದಿಲ್ಲ.

“ನೀನು ಇಂಗ್ರಜಿ ಓದಿದವಳಂತೆ. ಬೆಡ್ ಆಫ್ ಫ್ಲವರ್ಸ್ ಅಂದರೆ ಏನೆಂದು ನಿನಗೆ ಗೊತ್ತೆ?”

ಕಾಕಾ ನನ್ನ ಕಡೆ ನೋಡಿದರು. ಅಧ್ಯಕ್ಷರು ನೋಡಿದರು. ಓಣಿಯ ತುಂಬ ಜನ ನೋಡಿದರು.

“ಯೆಸ್, ಸರ್,” ಎಂದೆ.

“ಗುಡ್,” ಎಂದರು ಸಾಹೇಬರು. ಮುಂದೆ ನಡೆದರು. ಅವರು ಕೇಳಿದ ಪ್ರಶ್ನೆಗೆ ಅದು ಪೂರಾ ಸರಿಯಾದ ಉತ್ತರವಾಗಿತ್ತು.

ನಮ್ಮ ಓಣಿಗೆ ಬಂದಾಗ ಬೀರವ್ವನ ಅಂಗಳದ ಮುಂದೆ ಅವರ ಕಾಲು ತಾವಾಗಿಯೇ ನಿಂತವು. ಸೇವಂತಿ ಆಗ ಭರ್ತಿ ಬಿಟ್ಟಿತ್ತು. ಸಾಹೇಬರು ಮೊಳಕಾಲೂರಿದರು. ಮಣ್ಣನ್ನು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದರು. ಇಟ್ಟಂಗಿಯ ಅಂಚಿನ ಮೇಲೆ ಕೈಯಾಡಿಸಿದರು. ಮೂರು ತಿಂಗಳಿಂದ ಮನೆಯವರನ್ನು ಕಾಣದೆ ತಿರುಗುವ ಮನುಷ್ಯನಿಗೆ ದಾರಿಯಲ್ಲಿ ತನ್ನೂರಿನವರು ಸಿಕ್ಕಂತೆ ಇತ್ತು ಆ ಮುಖ.

“ಮತ್ತೆ ಇದು?” ಎಂದು ಮೆಲ್ಲಗೆ ಕೇಳಿದರು.

“ಎನ್‌ಕ್ರೋಚ್‌ಮೆಂಟ್, ಸರ್,” ಎಂದರು ಕಾಕಾ. “ನೋಟೀಸು ಕೊಟ್ಟಿದೆ. ಎಂಟು ದಿವಸದಲ್ಲಿ ತೆಗೆಸುತ್ತೇವೆ.”

ಸಾಹೇಬರು ಹೂವನ್ನು ನೋಡಿದರು. ವಹಿಯನ್ನು ನೋಡಿದರು. ಇದು ಬೆಡ್ಡು ಎಂದಾದರೆ ವಹಿಯಲ್ಲಿನ ಮುನ್ನೂರ ಹನ್ನೆರಡು ಏನೆಂಬುದನ್ನು ಪುಣೆಗೆ ಬರೆದು ತಿಳಿಸಬೇಕಾಗುತ್ತಿತ್ತು. ಎದ್ದು ಮೊಳಕಾಲಿನ ಮಣ್ಣು ಝಾಡಿಸಿಕೊಂಡರು. ಒಂದು ಸೇವಂತಿ ಚಿವುಟಿ ಕೋಟಿನ ಗುಂಡಿಯ ತೂತಿಗೆ ಸಿಗಿಸಿಕೊಂಡರು.

“ಸರಿ,” ಎಂದು ಸಹಿ ಮಾಡಿದರು.

ಬೀರವ್ವ ಹೊಸ್ತಿಲಲ್ಲಿ ನಿಂತಿದ್ದಳು. ಟಾಂಗಾ ಹೋದ ಮೇಲೆ ಖಂಡೆಪ್ಪನನ್ನು ಕರೆದಳು. “ಏನಂದನೋ ಆ ಕೆಂಪ ಮಾರಿಯಂವಾ? ಹೂವ ಹರಕೊಂಡು ಹೋದನಲ್ಲ, ಚಲೋ ಅದಾವ ಅಂದನೇನು?”

“ಸರಿ ಅಂದ್ರು.”

“ಏನ ಸರಿ?”

“ತೆಗಸೂದು.”

ಎರಡು ತಿಂಗಳ ಮೇಲೆ ಪುಣೆಯಿಂದ ವರದಿಯ ನಕಲು ಬಂತು. ಬೋರಿಪೇಠಕ್ಕೆ ಮೊದಲ ನಂಬರು ಬಂದಿತ್ತು. ನೀರಿನ ಅಭಾವವಿರುವ ಪ್ರದೇಶಗಳಿಗೆ ಅಲ್ಲಿಯ ತಳಿ ಬಹಳ ಯೋಗ್ಯವೆಂದೂ, ಉಳಿದ ಊರುಗಳ ಸೆಕ್ರೆಟರಿಗಳು ಅಲ್ಲಿಗೆ ಹೋಗಿ ಕಲಿತು ಬರಬೇಕೆಂದೂ ಅದರಲ್ಲಿತ್ತು. ಅವರು ಬಂದರು. ಕುರನೂರಿನವರು ಮೊದಲು ಬಂದು, ಹೊರಸಿನ ಕಾಲಿನ ಎತ್ತರ ಅಳೆದುಕೊಂಡು ಹೋದರು. ಸೋಲಾಪುರದ ಅಳಿಯಂದಿರು ಅಂಗಡಿಯನ್ನು ಎರಡು ಅಂತಸ್ತು ಮಾಡಿದರು. ನೆಲದ ಮೇಲೆ ಮಲಗಿ ಊರವರ ಬೆನ್ನು ನೆಟ್ಟಗಾಯಿತು. ಅದನ್ನೂ ಮಂಡಳದ ಸಾಧನೆಗಳಲ್ಲಿ ಸೇರಿಸಿದರು. ಲಗ್ನದಲ್ಲಿ ಹೆಣ್ಣಿನ ಕಡೆಯವರು ಅಂಗಳದ ಹಾಸಿಗೆ ಕೊಡುವುದು ರೂಢಿಯಾಯಿತು. ನಮ್ಮ ಓಣಿಯ ಒಂದು ಕೂಸು ಒಂದು ದಿನ ನನ್ನನ್ನು ಕೇಳಿತು: “ಅಕ್ಕಾ, ಹಿಂದಕ ಹಾಸಿಗಿ ಮ್ಯಾಲ ಮನಶ್ಯಾರು ಮಲಗತಿದ್ರಂತ, ಖರೇನು?” ಅದರ ತಾಯಿ ಬಂದು ಅದರ ಬೆನ್ನಿಗೆ ಒಂದು ಕೊಟ್ಟಳು. ಹೊಲಸು ಮಾತು ಎಲ್ಲಿಂದ ಕಲಿಯುತ್ತಾವೋ ಎಂದು ನನ್ನ ಕಡೆ ನೋಡಿ ನೊಂದುಕೊಂಡಳು.

ಬೀರವ್ವನ ಎಂಟು ದಿವಸ ಎಂದೋ ಮುಗಿದಿದ್ದವು. ಆದರೆ ತೆರವು ಮಾಡಲು ಹುಕುಮು, ಹುಕುಮಿಗೆ ಠರಾವು, ಠರಾವಿಗೆ ಕೋರಮು ಬೇಕಾಗಿ, ಕಲ್ಯಾಣಪ್ಪನವರು ಸತ್ಕಾರಗಳಿಗೆ ಊರೂರು ತಿರುಗುತ್ತಿದ್ದುದರಿಂದ ಮುಂದಿನ ಶ್ರಾವಣದ ತನಕ ಕೋರಮು ಆಗಿರಲಿಲ್ಲ. ಕೊನೆಗೆ ಆಯಿತು. ಬರುವ ಸೋಮವಾರ ಖಂಡೆಪ್ಪ ಗುದ್ದಲಿ ತರುವುದೆಂದು ಠರಾವಾಯಿತು.

ಶನಿವಾರ ಮುಂಜಾನೆ ಬೀರವ್ವ ನಮ್ಮ ಪಡಸಾಲೆಗೆ ಬಂದಳು. ಕಾಕಾ ಗೋಡೆಗೆ ಒರಗಿ ಕೂತು ಟಪಾಲು ನೋಡುತ್ತಿದ್ದರು. ಅವಳು ಅವರಿಗೆ ಶರಣು ಮಾಡಿ, ನೇರ ನನ್ನ ಡೆಸ್ಕಿನ ಮುಂದೆ ಬಂದು ಕೂತಳು.

“ತಂಗೀ, ನನಗೊಂದ ಅರ್ಜಿ ಬರದ ಕೊಡವಾ. ಚಂದಾಗಿ, ಸರಕಾರಿ ಮಾತಿನಾಗ.”

“ಯಾತರ ಅರ್ಜಿ ಆಯೀ?”

“ನಾ ಹಾಸಿಗಿ ಹಾಕ್ತೀನಿ. ತಕರಾರ ಇಲ್ಲ. ಅಂಗಳದ ನಡುವನ ಹಾಕ್ತೀನಿ, ಇಪ್ಪತ್ತೊಂದ ಹೂವಿಂದನ ಹಾಕ್ತೀನಿ, ಮಡೀಲಿಂದ ಎರಡ ಹೊತ್ತು ನೀರ ಹೊಯ್ತೀನಿ. ಊರಿಗಿ ಆದದ್ದು ನನಗೂ ಆಗ್ಲಿ. ಸೇವಂತಿ ಕಿತ್ತ ಒಯ್ಲಿ, ಅಬ್ಬಲಿಗಿನೂ ಒಯ್ಲಿ.” ಒಂದು ಉಸಿರು ತಗೊಂಡಳು. “ಮಲ್ಲಿಗಿ ಒಂದ ಹೊರಸಿನ ಬುಡಕ ಇಟ್ಕೋತೀನಿ ಅಂತ ಬರಿ. ಕತ್ತರಿಸಿ ಗಿಡ್ಡ ಮಾಡ್ತೀನಿ, ಮ್ಯಾಲಿಂದ ನೋಡಿದ್ರ ಕಾಣಂಗಿಲ್ಲ.”

ನಾನು ಬರೆದೆ. “ಸದರಿ ಹಾಸಿಗೆಯ ಅಧೋಭಾಗದಲ್ಲಿ ಒಂದು ಮಲ್ಲಿಗೆ ಗಿಡವನ್ನು, ಯಾರ ದೃಷ್ಟಿಗೂ ಬೀಳದ ರೀತಿಯಲ್ಲಿ, ಇಟ್ಟುಕೊಳ್ಳಲು ಅಪ್ಪಣೆಯಾಗಬೇಕು.” ನನ್ನ ಅಕ್ಷರ ಎಂದಿಗಿಂತ ದುಂಡಗೆ ಬಂದಿತ್ತು. ಓದಿ ಹೇಳಿದೆ. ಅಧೋಭಾಗ ಎಂಬ ಮಾತು ಅವಳಿಗೆ ಬಹಳ ಮನಸ್ಸಿಗೆ ಬಂತು. ಎರಡು ಸಲ ಹೇಳಿಸಿದಳು. ಹೆಬ್ಬೆಟ್ಟು ಒತ್ತಿ, ಕಾಗದವನ್ನು ಎರಡು ಕೈಯಲ್ಲಿ ಹಿಡಿದು ಒಯ್ದು ಕಾಕಾನ ಮುಂದೆ ಇಟ್ಟಳು.

ಕಾಕಾ ಓದಿದರು. ಪುಸ್ತಿಕೆ ತೆಗೆದು ಹದಿನಾಲ್ಕೂ ಪುಟ ತಿರುವಿದರು. ಜಾಹೀರುನಾಮೆ ತೆಗೆದು ಕಲಮುಗಳ ಮೇಲೆ ಬೆರಳಾಡಿಸಿದರು. ಪುರವಣಿ ನೋಡಿದರು. ಹಾಸಿಗೆಯ ಮೇಲೆ ಏನಿರಬೇಕೆಂದು ಎಲ್ಲ ಕಡೆ ಇತ್ತು. ಬುಡಕ್ಕೆ ಏನಿರಬಹುದು, ಏನಿರಬಾರದು ಎಂದು ಎಲ್ಲಿಯೂ ಇರಲಿಲ್ಲ. ಕಾಕಾ ಪುಸ್ತಿಕೆಯನ್ನು ಮತ್ತೆ ಮೊದಲ ಪುಟದಿಂದ ತೆಗೆದರು.

ಬೀರವ್ವ ಸ್ವಲ್ಪ ಹೊತ್ತು ಕಾದಳು. ಆಮೇಲೆ ಅವರ ಕಡೆ ಬಗ್ಗಿ, ದನಿ ಇಳಿಸಿ, ತನ್ನ ಮಾತಿನಲ್ಲೇ ಕೇಳಿದಳು:

“ಹಾಸಿಗಿ ನಿಮ್ದು, ಮ್ಯಾಲಿನ ಹೂವು ನಿಮ್ವು. ಕೆಳಗ ಸೋರೂ ನೀರಾದ್ರೂ ನಂದು ಅನ್ರಲ್ಲರಿ, ಸೆಕ್ರೆಟರಿ ಸಾಹೇಬ್ರ?”